ರೀಗಿವನೆಮ್: ಎಸ್ಟೋನಿಯಾದ ‘ನಾಡ ಹಿರಿಯ’

ಎರಡು ಮಹಾಯುದ್ಧಗಳ ನಡುವಿನ ಎಸ್ಟೋನಿಯಾದ ಬಗ್ಗೆ ಓದಲು ಕೂತರೆ ‘ರೀಗಿವನೆಮ್’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. ಕೆಲವರು ಇದನ್ನು ‘ಅಧ್ಯಕ್ಷ’ ಎಂದು ಬರೆಯುತ್ತಾರೆ, ಕೆಲವರು ‘ಪ್ರಧಾನಿ’ ಎನ್ನುತ್ತಾರೆ. ಎರಡೂ ಪೂರ್ತಿ ಹೊಂದುವುದಿಲ್ಲ. ಆ ದೇಶ ಏನು ಬಯಸಿತು, ಯಾವುದಕ್ಕೆ ಹೆದರಿತು ಎಂಬುದೆಲ್ಲ ಈ ಒಂದೇ ಪದದೊಳಗಿದೆ. ಹಾಗಾಗಿ ಅದನ್ನು ಹಾಗೆಯೇ ಇಟ್ಟುಕೊಂಡು ಬಿಡಿಸಿ ನೋಡೋಣ.

‘ರೀಕ್’ ಅಂದರೆ ದೇಶ, ರಾಜ್ಯ. ‘ರೀಗಿ’ ಅಂದರೆ ದೇಶದ. ‘ವನ’ ಅಂದರೆ ವಯಸ್ಸಾದ. ‘ವನೆಮ್’ ಅಂದರೆ ಹಿರಿಯ. ಅಪ್ಪ ಅಮ್ಮನಿಗೂ ಅಲ್ಲಿ ಇದೇ ಪದ. ನಾವು ‘ಮನೆಯ ಹಿರಿಯರು’ ಅನ್ನುತ್ತೇವಲ್ಲ, ಸುಮಾರಾಗಿ ಅದೇ ಭಾವ.

ಈ ಪದಕ್ಕೆ ಹಳೆಯ ಬೇರೂ ಇದೆ. 13ನೇ ಶತಮಾನದಲ್ಲಿ ಜರ್ಮನ್ ಮತ್ತು ಡೇನಿಶ್ ಪಡೆಗಳು ದಂಡೆತ್ತಿ ಬರುವ ಮೊದಲು ಅಲ್ಲಿನ ಒಂದೊಂದು ಸೀಮೆಗೂ ಹಿರಿಯರಿದ್ದರು. ಸಕಲ ಎಂಬ ಸೀಮೆಯ ಹಿರಿಯ ಲೆಂಬಿತು 1217ರಲ್ಲಿ ಜರ್ಮನ್ ಪಡೆಗಳ ವಿರುದ್ಧ ಹೋರಾಡುತ್ತಲೇ ಸತ್ತ. ಆಮೇಲೆ ಏಳು ಶತಮಾನ ಡೇನರು, ಜರ್ಮನ್ನರು, ಸ್ವೀಡನ್ನಿನವರು, ರಷ್ಯನ್ನರು ಆಳಿದರು. 1918ರಲ್ಲಿ ಸ್ವಾತಂತ್ರ್ಯ ಸಾರಿದ ಜನ ತಮ್ಮ ನಾಯಕನಿಗೆ ಹೆಸರು ಹುಡುಕಿದಾಗ ಆ ಹಳೆಯ ಹಿರಿಯರ ಪದ ಮತ್ತೆ ಬಂತು. ನನಗೆ ಇದು ತುಂಬ ಚೆಂದದ ಆಯ್ಕೆ ಅನಿಸುತ್ತದೆ.

1920ರ ಸಂವಿಧಾನವನ್ನು ಬರೆದದ್ದು 120 ಜನರ ಸಂವಿಧಾನ ಸಭೆ. ಅದರಲ್ಲಿ ಎಡಪಂಥದವರೇ ಜಾಸ್ತಿ. ಝಾರ್ ದೊರೆಯ ಆಳ್ವಿಕೆ ಕಂಡು ಬಂದವರಿಗೆ ಒಬ್ಬನ ಕೈಯಲ್ಲಿ ಅಧಿಕಾರ ಸೇರುವುದೆಂದರೆ ಭಯ. ಹಾಗಾಗಿ ಅವರು ಅಧ್ಯಕ್ಷರ ಹುದ್ದೆಯನ್ನೇ ಇಡಲಿಲ್ಲ. ನೂರು ಸದಸ್ಯರ ಸಂಸತ್ತು, ಅಂದರೆ ರೀಗಿಕೋಗು, ಸರ್ಕಾರವನ್ನು ನೇಮಿಸುತ್ತಿತ್ತು. ಆ ಸರ್ಕಾರದ ಮುಖ್ಯಸ್ಥರೇ ರೀಗಿವನೆಮ್. ಬೇರೆ ದೇಶಗಳ ಮುಂದೆ ಎಸ್ಟೋನಿಯಾವನ್ನು ಪ್ರತಿನಿಧಿಸುವ ಹೊಣೆಯೂ ಅವರದೇ. 1929ರ ಬೇಸಿಗೆಯಲ್ಲಿ ಸ್ವೀಡನ್ ದೊರೆ ಐದನೇ ಗುಸ್ತಾಫ್ ರಾಜಧಾನಿ ಟ್ಯಾಲಿನ್‌ಗೆ ಬಂದಾಗ ಎದುರುಗೊಂಡವರು ರೀಗಿವನೆಮ್ ಔಗುಸ್ತ್ ರೇಯ್. ದೊರೆಗೆ ಸಮನಾಗಿ ನಿಂತ ಈ ಮನುಷ್ಯನಿಗೆ ಸಂಸತ್ತು ಮಾಡಿದ ಕಾನೂನನ್ನು ತಡೆಯುವ ಅಧಿಕಾರವಿರಲಿಲ್ಲ. ಸಂಸತ್ತನ್ನು ವಿಸರ್ಜಿಸುವ ಅಧಿಕಾರವೂ ಇರಲಿಲ್ಲ. ಸಂಸತ್ತಿನ ವಿಶ್ವಾಸ ಹೋದರೆ ಮನೆಗೆ ಹೋಗಬೇಕು, ಅಷ್ಟೇ.

ಹೋಗುತ್ತಲೂ ಇದ್ದರು. 1920ರ ಡಿಸೆಂಬರ್‌ನಲ್ಲಿ ಮೊದಲ ರೀಗಿವನೆಮ್ ಆದ ಆಂಟ್ಸ್ ಪೀಪ್ ಒಂದು ತಿಂಗಳು ದಾಟಿದ ಕೂಡಲೇ ಇಳಿದರು. ಮುಂದಿನ ವರ್ಷಗಳಲ್ಲಿ ಕಾನ್‌ಸ್ತಾಂತಿನ್ ಪ್ಯಾಟ್ಸ್, ಯಾನ್ ತೇಮಾಂತ್, ಯಾನ್ ತೋನಿಸ್ಸೊನ್ ಮುಂತಾದವರು ಬಂದರು, ಹೋದರು, ಕೆಲವರು ಮತ್ತೆ ಬಂದರು. ಸರಾಸರಿ ಲೆಕ್ಕದಲ್ಲಿ ಒಂದು ಸರ್ಕಾರ ಒಂದು ವರ್ಷವೂ ಬಾಳಲಿಲ್ಲ.

ಇದನ್ನು ನೋಡಿ ‘ಆ ವ್ಯವಸ್ಥೆಯೇ ಸರಿಯಿರಲಿಲ್ಲ’ ಎಂದು ಬಿಡುವವರು ಬಹಳ. ನಾನು ಒಪ್ಪುವುದಿಲ್ಲ. 1924ರ ಡಿಸೆಂಬರ್ 1ರಂದು ಕಮ್ಯುನಿಸ್ಟರು ಟ್ಯಾಲಿನ್‌ನಲ್ಲಿ ದಂಗೆ ಎದ್ದಾಗ ಕೆಲವೇ ಗಂಟೆಗಳಲ್ಲಿ ಅದನ್ನು ಹತ್ತಿಕ್ಕಿದ್ದು ಇದೇ ವ್ಯವಸ್ಥೆ. ಮರುವರ್ಷವೇ ಜರ್ಮನ್, ಯಹೂದಿ ಮುಂತಾದ ಅಲ್ಪಸಂಖ್ಯಾತರು ತಮ್ಮ ಶಾಲೆ, ಸಂಸ್ಕೃತಿಯ ವ್ಯವಹಾರಗಳನ್ನು ತಾವೇ ನೋಡಿಕೊಳ್ಳಲು ಅದು ಕಾನೂನು ಮಾಡಿತು. ಆ ಕಾಲದ ಯುರೋಪಿನಲ್ಲಿ ಇಂಥದ್ದು ಅಪರೂಪ. 1928ರಲ್ಲಿ ಬೆಲೆ ಕಳೆದುಕೊಂಡ ಮಾರ್ಕ್ ಬದಲು ಕ್ರೋನ್ ಎಂಬ ಹೊಸ ನಾಣ್ಯ ತಂದದ್ದೂ ಇಂಥದೇ ಒಂದು ಅಲ್ಪಾಯುಷಿ ಸರ್ಕಾರ. ಕುರ್ಚಿಯಲ್ಲಿ ಕೂತವರು ಬದಲಾದರೂ ಕೆಲಸ ನಿಲ್ಲಲಿಲ್ಲ.

ಆದರೆ 1930ರ ಆರ್ಥಿಕ ಕುಸಿತ ಜನರ ತಾಳ್ಮೆ ಕೆಡಿಸಿತು. ಗಟ್ಟಿ ನಾಯಕ ಬೇಕು ಎಂಬ ಕೂಗೆದ್ದಿತು. ಅದನ್ನು ಎಲ್ಲರಿಗಿಂತ ಜೋರಾಗಿ ಕೂಗಿದವರು ಸ್ವಾತಂತ್ರ್ಯ ಯುದ್ಧದ ಮಾಜಿ ಸೈನಿಕರ ಸಂಘಟನೆ, ಜನರ ಬಾಯಲ್ಲಿ ‘ವಾಪ್ಸ್’. ಅವರು ಮುಂದಿಟ್ಟ ಹೊಸ ಸಂವಿಧಾನಕ್ಕೆ 1933ರ ಅಕ್ಟೋಬರ್‌ನ ಜನಮತದಲ್ಲಿ ಶೇ. 72ಕ್ಕಿಂತ ಜಾಸ್ತಿ ಮತ ಬಿತ್ತು. ಪದ ಅದೇ ಉಳಿಯಿತು, ಅರ್ಥ ತಲೆಕೆಳಗಾಯಿತು. ಹೊಸ ರೀಗಿವನೆಮ್ ಅವರನ್ನು ಜನರೇ ಐದು ವರ್ಷಕ್ಕೆ ಆರಿಸಬೇಕು. ಅವರು ಸಂಸತ್ತು ವಿಸರ್ಜಿಸಬಹುದು, ಕಾನೂನು ತಡೆಯಬಹುದು, ಸುಗ್ರೀವಾಜ್ಞೆ ಹೊರಡಿಸಬಹುದು. ಪ್ರಧಾನಿಯ ಹುದ್ದೆ ಬೇರೆಯಾಗಿ ಅವರ ಕೆಳಗೆ ಬಂತು.

ಈ ಹೊಸ ಹುದ್ದೆಗೆ ಯಾರೂ ಆಯ್ಕೆಯಾಗಲೇ ಇಲ್ಲ. 1934ರ ಏಪ್ರಿಲ್‌ನಲ್ಲಿ ಚುನಾವಣೆ ಎಂದು ಗೊತ್ತಾಗಿತ್ತು. ಅಭ್ಯರ್ಥಿಗಳಿಗಾಗಿ ನಡೆದ ಸಹಿ ಸಂಗ್ರಹದಲ್ಲಿ ವಾಪ್ಸ್‌ನ ಆಂದ್ರೆಸ್ ಲಾರ್ಕಾ ಮುಂದಿದ್ದರು. ಆಗ ಪ್ರಧಾನಿಯಾಗಿದ್ದುಕೊಂಡು ರೀಗಿವನೆಮ್ ಹೊಣೆಯನ್ನೂ ಹೊತ್ತಿದ್ದವರು ಪ್ಯಾಟ್ಸ್. ಅವರೂ ಅಭ್ಯರ್ಥಿ. ಮಾರ್ಚ್ 12ರಂದು ಅವರು, ಇನ್ನೊಬ್ಬ ಅಭ್ಯರ್ಥಿ ಜನರಲ್ ಯೊಹಾನ್ ಲೈದೊನೆರ್ ಜೊತೆ ಸೇರಿ, ತುರ್ತು ಪರಿಸ್ಥಿತಿ ಹೇರಿದರು. ವಾಪ್ಸ್ ಮುಖಂಡರು ಜೈಲಿಗೆ ಹೋದರು. ಚುನಾವಣೆ ಮುಂದಕ್ಕೆ ಹೋಯಿತು, ಮತ್ತೆ ನಡೆಯಲಿಲ್ಲ. ಆ ಅಕ್ಟೋಬರ್‌ನಿಂದ ಸಂಸತ್ತೂ ಸೇರಲಿಲ್ಲ. ಮರುವರ್ಷ ಪಕ್ಷಗಳ ಬಾಗಿಲು ಮುಚ್ಚಿತು. ಈ ಕಾಲಕ್ಕೆ ಎಸ್ಟೋನಿಯನ್ನರು ಇಟ್ಟ ಹೆಸರು ‘ವಾಯ್ಕಿವ್ ಅಯಾಸ್ತು’, ಅಂದರೆ ಮೌನದ ಕಾಲ. ವಾಪ್ಸ್‌ನಿಂದ ದೇಶವನ್ನು ಉಳಿಸಲು ಹೀಗೆ ಮಾಡಿದೆವು ಎಂಬುದು ಪ್ಯಾಟ್ಸ್ ಕಡೆಯವರ ವಾದ. ಅಪಾಯ ಸುಳ್ಳಲ್ಲದೇ ಇರಬಹುದು. ಆದರೆ ತಾನೇ ಸ್ಪರ್ಧಿಸಿದ್ದ ಚುನಾವಣೆಯನ್ನು ತಾನೇ ನಿಲ್ಲಿಸಿ ನಾಲ್ಕು ವರ್ಷ ಆಳಿದ್ದನ್ನು ರಕ್ಷಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

1937ರಲ್ಲಿ ಪ್ಯಾಟ್ಸ್ ‘ರೀಗಿಹೋಯ್ದ್ಯಾ’, ಅಂದರೆ ದೇಶದ ಪಾಲಕ, ಎಂಬ ಹೊಸ ಹೆಸರು ಹೊತ್ತರು. 1938ರ ಏಪ್ರಿಲ್ 24ರಂದು ಎಸ್ಟೋನಿಯಾದ ಮೊದಲ ಅಧ್ಯಕ್ಷರಾದರು. ರೀಗಿವನೆಮ್ ಎಂಬ ಹುದ್ದೆ ಅಲ್ಲಿಗೆ ಮುಗಿಯಿತು.

ಆ ಹೆಸರು ಹೊತ್ತಿದ್ದವರು ಒಟ್ಟು ಹತ್ತು ಮಂದಿ. 1940ರಲ್ಲಿ ಸೋವಿಯತ್ ಸೇನೆ ದೇಶವನ್ನು ವಶಪಡಿಸಿಕೊಂಡ ಮೇಲೆ ಕೆಲವರನ್ನು ಗುಂಡಿಟ್ಟು ಕೊಂದರು, ಕೆಲವರು ಸೆರೆ ಶಿಬಿರಗಳಲ್ಲಿ ತೀರಿಕೊಂಡರು. ಒಟ್ಟೊ ಸ್ಟ್ರಾಂಡ್‌ಮನ್ 1941ರಲ್ಲಿ ತಮ್ಮ ಜೀವ ತಾವೇ ತೆಗೆದುಕೊಂಡರು. ಪ್ಯಾಟ್ಸ್ 1956ರಲ್ಲಿ ರಷ್ಯಾದ ಒಂದು ಮನೋರೋಗ ಆಸ್ಪತ್ರೆಯಲ್ಲಿ ಸತ್ತರು. ತಪ್ಪಿಸಿಕೊಂಡವರು ಒಬ್ಬರೇ, ಔಗುಸ್ತ್ ರೇಯ್. ಅಧ್ಯಕ್ಷರ ಹುದ್ದೆ ಬೇಡ ಎಂದ 1920ರ ಸಂವಿಧಾನ ಸಭೆಯ ಸಭಾಪತಿ ಅವರೇ ಆಗಿದ್ದರು. ಸ್ವೀಡನ್ನಿಗೆ ಹೋಗಿ ನೆಲೆಸಿದ ರೇಯ್, ಅಲ್ಲಿಂದಲೇ ಎಸ್ಟೋನಿಯಾದ ಅಧ್ಯಕ್ಷರ ಹೊಣೆಯನ್ನು 1963ರಲ್ಲಿ ತೀರಿಕೊಳ್ಳುವವರೆಗೂ ಹೊತ್ತಿದ್ದರು.