ಲ್ಯಾಪ್ ಆಗುವಾಗ ಸೈಡ್ ಕೊಡುವುದು ಹೇಗೆ? ಕಾರ್ಟಿಂಗ್ ಕಲಿಯುವವರಿಗೆ ಟಿಪ್ಪಣಿ

ಕಾರ್ಟಿಂಗ್‌ನಲ್ಲಿ, ಅಂದರೆ ಕಾರ್ಟ್ ಅನ್ನುವ ಪುಟ್ಟ ತೆರೆದ ಗಾಡಿಗಳ ರೇಸ್‌ನಲ್ಲಿ, ವೇಗವಾಗಿ ಓಡಿಸುವುದನ್ನು ಹೇಳಿಕೊಡುವವರು ತುಂಬಾ ಜನ ಇದ್ದಾರೆ. ಹಿಂದೆ ಬಿದ್ದಾಗ ಹೇಗೆ ಓಡಿಸಬೇಕು ಅಂತ ಹೇಳಿಕೊಡುವವರು ಕಡಿಮೆ. ಹೊಸಬರಿಗೆ ಮೊದಲ ರೇಸ್‌ನಲ್ಲೇ ಬೇಕಾಗುವುದು ಅದೇ ಅಲ್ವಾ?

ಒಂದು ಲೆಕ್ಕ ನೋಡಿ. ಮುಂದಿರುವವರು ಒಂದು ಸುತ್ತನ್ನು 60 ಸೆಕೆಂಡಿನಲ್ಲಿ ಮುಗಿಸುತ್ತಾರೆ, ನೀವು 65 ಸೆಕೆಂಡಿನಲ್ಲಿ. 13 ನಿಮಿಷ ಆಗುವಷ್ಟರಲ್ಲಿ ಅವರದು 13 ಸುತ್ತು, ನಿಮ್ಮದು 12. ಒಂದು ಪೂರ್ತಿ ಸುತ್ತು ಜಾಸ್ತಿ ಓಡಿ ಅವರು ನಿಮ್ಮ ಬೆನ್ನ ಹಿಂದೆಯೇ ಬಂದಿರುತ್ತಾರೆ. ಇದೇ ಲ್ಯಾಪ್ ಆಗುವುದು. ಹೊಸಬರಿಗೆ ಸುತ್ತಿಗೆ 5 ಸೆಕೆಂಡ್ ವ್ಯತ್ಯಾಸ ಸಹಜ. ನಾಚಿಕೊಳ್ಳುವಂಥದ್ದೇನೂ ಇಲ್ಲ.

ನಮ್ಮ ರಸ್ತೆಗಳಲ್ಲಿ ಹಿಂದಿನ ಗಾಡಿ ಹಾರ್ನ್ ಹೊಡೆದರೆ ಎಡಕ್ಕೆ ಸರಿದು ಸೈಡ್ ಕೊಡುತ್ತೇವೆ. ಆ ಅಭ್ಯಾಸವನ್ನು ಟ್ರ್ಯಾಕ್‌ಗೂ ತಂದರೆ ತೊಂದರೆ. ನನ್ನ ಮೊದಲ ರೇಸ್‌ನಲ್ಲಿ ಆಗಿದ್ದೂ ಅದೇ. ಹಿಂದೆ ಇಂಜಿನ್ ಸದ್ದು ಜೋರಾಯಿತು. ದಾರಿ ಬಿಡೋಣ ಅಂತ ಹೇರ್‌ಪಿನ್ ತಿರುವಿನ (U ಆಕಾರದ ಕಡಿದಾದ ತಿರುವು) ಮಧ್ಯದಲ್ಲೇ ಬ್ರೇಕ್ ಒತ್ತಿ ಹೊರಗೆ ಸರಿದೆ. ಕಾರ್ಟ್ ಗಿರ್ರನೆ ತಿರುಗಿ ಅಡ್ಡ ನಿಂತಿತು. ಹಿಂದಿದ್ದವರು ಅದೇ ಹೊರಬದಿಯಿಂದ ದಾಟಲು ಹೊರಟಿದ್ದರು. ಬಂದು ಗುದ್ದಿದರು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಅವರ ರೇಸ್ ಹಾಳಾಯಿತು. ಆ ಬೇಸರ ನನಗೆ ಇವತ್ತಿಗೂ ಇದೆ. ಹೀಗೇಕಾಯಿತು ಅಂತ ಹುಡುಕಿ ತಿಳಿದುಕೊಂಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಟ್‌ನ ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಸೇರಿರುತ್ತವೆ. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ, ಕಾರಿನಲ್ಲಿರುವ ಡಿಫರೆನ್ಶಿಯಲ್ ಇಲ್ಲಿ ಇಲ್ಲ. ತಿರುವಿನಲ್ಲಿ ಒಳಬದಿಯ ಹಿಂದಿನ ಚಕ್ರ ನೆಲದಿಂದ ಸ್ವಲ್ಪ ಹಗುರಾದರೆ ಮಾತ್ರ ಕಾರ್ಟ್ ಸಲೀಸಾಗಿ ತಿರುಗುತ್ತದೆ. ಬಾಡಿಗೆ ಕಾರ್ಟ್‌ಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದೂ ಹಿಂದಿನ ಆಕ್ಸಲ್‌ಗೆ ಮಾತ್ರ. ಹಾಗಾಗಿ ಸ್ಟೀರಿಂಗ್ ತಿರುಗಿಸಿರುವಾಗ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಹಿಡಿತ ಬಿಟ್ಟು ಸ್ಪಿನ್ ಆಗುತ್ತದೆ. ಇದರ ಜೊತೆಗೆ ನೆಲದ ಸಮಸ್ಯೆ. ಎಲ್ಲರೂ ಓಡಿಸುವ ರೇಸಿಂಗ್ ಲೈನ್ ಮೇಲೆ ರಬ್ಬರ್ ಕೂತು ಹಿಡಿತ ಚೆನ್ನಾಗಿರುತ್ತದೆ. ಅದರ ಆಚೆ ಧೂಳು ಮತ್ತು ಟೈರ್‌ಗಳಿಂದ ಕಿತ್ತು ಬಂದ ರಬ್ಬರ್ ಚೂರುಗಳು. ಲೈನ್ ಬಿಟ್ಟು ಅಲ್ಲಿಗೆ ಹೋದರೆ ಕಾರ್ಟ್ ಜಾರುತ್ತದೆ.

ದಾಟುವ ಜವಾಬ್ದಾರಿ ಹಿಂದಿನಿಂದ ಬರುವವರದು. ಅವರು ನಿಮ್ಮನ್ನು ಎರಡು ಮೂರು ತಿರುವುಗಳಿಂದ ಗಮನಿಸುತ್ತಿರುತ್ತಾರೆ. ಮುಂದಿನ ತಿರುವಿನಲ್ಲಿ ನೀವು ಎಲ್ಲಿರುತ್ತೀರಿ ಅಂತ ಊಹಿಸಿ ಜಾಗ ಹುಡುಕುತ್ತಾರೆ. ಆ ಊಹೆ ತಪ್ಪದಂತೆ ಓಡಿಸಿದರೆ ನೀವು ಮಾಡಬೇಕಾದ ಮುಕ್ಕಾಲು ಕೆಲಸ ಮುಗಿಯಿತು. ತಿರುವಿನಲ್ಲಿ ನಿಮ್ಮ ಮಾಮೂಲಿ ಲೈನ್ ಬಿಡಬೇಡಿ. ತಿರುವು ದಾಟಿ ನೇರ ದಾರಿಗೆ ಬಂದ ಮೇಲೆ ಒಂದು ಬದಿಯನ್ನು ಹಿಡಿಯಿರಿ. ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ. ಅವರು ಯಾವ ಕಡೆಯಿಂದ ಹೋಗಬೇಕೋ ಆ ಕಡೆಗೆ ಕೈ ತೋರಿಸಿ. ಒಮ್ಮೆ ತೋರಿಸಿದ ಮೇಲೆ ಮನಸ್ಸು ಬದಲಿಸಬೇಡಿ. ಕೈಯನ್ನು ನೇರ ಮೇಲಕ್ಕೆ ಎತ್ತಬಾರದು. ನಿಧಾನ ಮಾಡುತ್ತಿದ್ದೇನೆ ಅಥವಾ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಜಾಗ) ಹೋಗುತ್ತಿದ್ದೇನೆ ಅನ್ನಲು ಬಳಸುವ ಸನ್ನೆ ಅದು.

ನೀವು ಸೈಡ್ ಕೊಡುವ ಮೊದಲೇ ಅವರು ಒಳಬದಿಯಿಂದ ಪಕ್ಕಕ್ಕೆ ಬಂದುಬಿಟ್ಟರೆ? ಆಗ ಒಂದು ಕಾರ್ಟ್ ಹಿಡಿಯುವಷ್ಟು ಜಾಗ ಬಿಟ್ಟು ತಿರುಗಿ. ರೇಸ್ ಕಾರ್ಟ್‌ಗಳಲ್ಲಿ ಚಕ್ರಕ್ಕೆ ಚಕ್ರ ತಾಗಿದರೆ ಒಂದು ಕಾರ್ಟ್ ಇನ್ನೊಂದರ ಮೇಲೆ ಹತ್ತಿಬಿಡಬಹುದು. ಒಬ್ಬರು ದಾಟಿದ ತಕ್ಷಣ ಲೈನ್‌ಗೆ ನುಗ್ಗಬೇಡಿ, ಅವರ ಹಿಂದೆಯೇ ಇನ್ನೊಬ್ಬರು ಇರಬಹುದು. ಮೊದಲ ಸ್ಥಾನಕ್ಕೆ ಸೆಣಸುತ್ತಿರುವ ಇಬ್ಬರ ನಡುವೆ ಸಿಕ್ಕಿಕೊಂಡರೆ ಎರಡನೆಯವರ ರೇಸ್ ನಿಮ್ಮಿಂದ ಕೆಡುತ್ತದೆ.

ಕಾರ್ಟ್‌ಗೆ ಕನ್ನಡಿ ಇರುವುದಿಲ್ಲ. ಅದಕ್ಕೇ ಮಾರ್ಷಲ್‌ಗಳು, ಅಂದರೆ ಟ್ರ್ಯಾಕ್ ಪಕ್ಕ ನಿಂತು ರೇಸ್ ನೋಡಿಕೊಳ್ಳುವ ಸಿಬ್ಬಂದಿ, ನೀಲಿ ಬಾವುಟ ಬೀಸುತ್ತಾರೆ. ವೇಗವಾಗಿ ಓಡಿಸುವವರು ನಿಮ್ಮ ಹಿಂದೆ ಇದ್ದಾರೆ ಅಂತ ಅದರ ಅರ್ಥ. ನೋಡಿದ ಕ್ಷಣವೇ ಬ್ರೇಕ್ ಹಾಕಿ ಅಂತ ಅರ್ಥ ಅಲ್ಲ. ಅಂತರರಾಷ್ಟ್ರೀಯ ಕಾರ್ಟಿಂಗ್‌ನಲ್ಲಿ ನೀಲಿ ಮತ್ತು ಕೆಂಪು ಬಣ್ಣದ ಬಾವುಟವೂ ಇದೆ. ಲ್ಯಾಪ್ ಆದವರಿಗೆ ಅಥವಾ ಆಗಲಿರುವವರಿಗೆ ಅದನ್ನು ಅವರ ನಂಬರ್ ಜೊತೆ ತೋರಿಸುತ್ತಾರೆ. ನಿಮ್ಮ ಟ್ರ್ಯಾಕ್‌ನಲ್ಲಿ ಯಾವ ನಿಯಮ ಅಂತ ರೇಸ್‌ಗೆ ಮೊದಲು ನಡೆಯುವ ಬ್ರೀಫಿಂಗ್‌ನಲ್ಲೇ ಕೇಳಿಕೊಳ್ಳಿ.

ಲ್ಯಾಪ್ ಆದವರು ಮುಂದಿರುವವರನ್ನು ಮತ್ತೆ ದಾಟಬಹುದಾ ಅನ್ನುವ ಪ್ರಶ್ನೆಯೂ ಬರುತ್ತದೆ. ಇದಕ್ಕೆ ಫಾರ್ಮುಲಾ 1ರಲ್ಲಿ ಒಳ್ಳೆಯ ಉದಾಹರಣೆ ಇದೆ. 2018ರ ಬ್ರೆಜಿಲ್ ಗ್ರ್ಯಾಂಡ್ ಪ್ರಿಯಲ್ಲಿ ಮ್ಯಾಕ್ಸ್ ವೆರ್ಸ್ಟಪ್ಪನ್ ಮೊದಲ ಸ್ಥಾನದಲ್ಲಿದ್ದರು. ಒಂದು ಸುತ್ತು ಹಿಂದಿದ್ದ ಎಸ್ಟೆಬನ್ ಒಕೊನ್ ಹೊಸ ಟೈರ್ ಹಾಕಿಕೊಂಡು ಬಂದು, ಕಳೆದುಕೊಂಡ ಸುತ್ತನ್ನು ವಾಪಸ್ ಪಡೆಯಲು ಅವರನ್ನು ದಾಟಲು ಹೋದರು. ಇಬ್ಬರಿಗೂ ಡಿಕ್ಕಿಯಾಯಿತು. ವೆರ್ಸ್ಟಪ್ಪನ್ ಎರಡನೆಯವರಾಗಿ ಮುಗಿಸಿದರು, ಗೆದ್ದಿದ್ದು ಲೂಯಿಸ್ ಹ್ಯಾಮಿಲ್ಟನ್. ಒಕೊನ್‌ಗೆ 10 ಸೆಕೆಂಡಿನ ಸ್ಟಾಪ್ ಅಂಡ್ ಗೋ ದಂಡ (ಪಿಟ್‌ಗೆ ಬಂದು ಅಷ್ಟು ಹೊತ್ತು ನಿಂತು ಹೋಗಬೇಕು) ಬಿತ್ತು. ನಿಜಕ್ಕೂ ವೇಗ ಇದ್ದರೆ ದಾಟಲು ಅಡ್ಡಿ ಇರಲಿಲ್ಲ. ಆದರೆ ರೇಸ್ ಮುನ್ನಡೆಸುತ್ತಿದ್ದವರ ಜೊತೆ ತಿರುವಿನಲ್ಲಿ ಜಾಗಕ್ಕಾಗಿ ಸೆಣಸಿದ್ದು ತಪ್ಪು ಅಂತ ನನಗನ್ನಿಸುತ್ತದೆ.

ದಾಟಿ ಹೋದವರನ್ನು ಸುಮ್ನೆ ಹೋಗಲು ಬಿಡಬೇಡಿ. ಕಣ್ಣಿಗೆ ಕಾಣುವವರೆಗೆ ಅವರ ಲೈನ್‌ನಲ್ಲೇ ಓಡಿಸಿ. ಎಲ್ಲಿ ಬ್ರೇಕ್ ಹಾಕುತ್ತಾರೆ, ಎಲ್ಲಿ ಸ್ಟೀರಿಂಗ್ ತಿರುಗಿಸುತ್ತಾರೆ ನೋಡಿ. ಹೋದ ತಿಂಗಳು ಹೀಗೆ ಎರಡು ತಿರುವು ಹಿಂಬಾಲಿಸಿದೆ. ಹೇರ್‌ಪಿನ್‌ಗೆ ನಾನು ತೀರಾ ಬೇಗ ಒಳಗೆ ತಿರುಗುತ್ತಿದ್ದೆ ಅಂತ ಆಗಲೇ ಗೊತ್ತಾಗಿದ್ದು.