ಪೊಟರೆಯೊಳಗಿನ ಸಂಸಾರ

ರಾತ್ರಿ ಅಮೆಜಾನ್ ಕಾಡಿನ ಎತ್ತರದ ಮರದಿಂದ ಜೋರಾದ ಕೂಗೊಂದು ಬರುತ್ತದೆ. ದನಿ ಕೇಳಿದರೆ ದೊಡ್ಡ ಪ್ರಾಣಿಯೇ ಇರಬೇಕು ಅನಿಸುತ್ತದೆ. ಇರುವುದು ಒಂದು ಹಿಡಿಯಷ್ಟು ಕಪ್ಪೆ. ಅದೂ ಕೊಂಬೆ ಮೇಲಲ್ಲ, ನೀರು ನಿಂತ ಮರದ ಪೊಟರೆಯೊಳಗೆ. ಖಾಲಿ ಕೊಡಕ್ಕೆ ಬಾಯಿಟ್ಟು ‘ಹೋ’ ಅಂದು ನೋಡಿದ್ದೀರಲ್ವಾ? ಹಾಗೇ ಇದೂ.

ಇದು ಅಮೆಜಾನ್ ಹಾಲುಗಪ್ಪೆ. ಹಾಲು ಅಂತ ಮೋಸಹೋಗಬೇಡಿ. ಕಾಟ ಕೊಟ್ಟರೆ ಅದರ ಚರ್ಮದಿಂದ ಬೆಳ್ಳಗೆ ಅಂಟಂಟಾಗಿ ಜಿನುಗುವುದು ವಿಷ. ನೋಡೋಕೆ ಮಾತ್ರ ಚೆಂದ. ತಿಳಿ ಬೂದು ಮೈಗೆ ಕಂದು ಪಟ್ಟೆ, ಬೆರಳ ತುದಿಗೆಲ್ಲ ಗುಂಡನೆಯ ಮೆತ್ತೆ. ಹೊನ್ನಿನ ಬಣ್ಣದ ಕಣ್ಣಿನಲ್ಲಿ ಅಡ್ಡ, ಉದ್ದ ಎಳೆದ ಕಪ್ಪು ಗೆರೆಗಳು.

ಬ್ರೆಜಿಲ್‌ನ ಜನ ಇದನ್ನು ಕುನಾವಾರು ಎನ್ನುತ್ತಾರೆ. ಕಪ್ಪೆ ಮರದ ರಾಳ ತಂದು ಪೊಟರೆಗೆ ಮೆತ್ತಿ, ನೀರು ಸೋರದ ಬಟ್ಟಲು ಮಾಡಿಕೊಳ್ಳುತ್ತದೆ ಎಂಬ ನಂಬಿಕೆ ಅಲ್ಲಿತ್ತು. ಬೆಲೆಂ ನಗರದ ಮ್ಯೂಸಿಯಂ ನಡೆಸಿದ ಸ್ವಿಸ್ ಪ್ರಾಣಿವಿಜ್ಞಾನಿ ಎಮಿಲ್ ಗೋಲ್ಡಿ 1907ರಲ್ಲಿ ಇದಕ್ಕೆ ‘ರೆಸಿನಿಫಿಕ್ಟ್ರಿಕ್ಸ್’ ಅಂತಲೇ ಹೆಸರಿಟ್ಟರು. ರಾಳದಲ್ಲಿ ಕಟ್ಟುವವಳು ಎಂದರ್ಥ. ಅಸಲಿಗೆ ಕಪ್ಪೆ ಏನನ್ನೂ ಕಟ್ಟುವುದಿಲ್ಲ. ಮಳೆನೀರು ತುಂಬಿದ ಪೊಟರೆ ಹುಡುಕಿ ಸೇರಿಕೊಳ್ಳುತ್ತದೆ, ಅಷ್ಟೇ. ಹೆಸರು ಮಾತ್ರ ಹಾಗೇ ಉಳಿಯಿತು.

ಪೊಟರೆ ಸುರಕ್ಷಿತ ಜಾಗ. ಕೆರೆಯಲ್ಲಾದರೆ ಗೊದಮೊಟ್ಟೆ ನುಂಗಲು ಮೀನುಗಳಿರುತ್ತವೆ, ಇಲ್ಲಿಲ್ಲ. ಆದರೆ ತಿನ್ನೋಕೂ ಜಾಸ್ತಿ ಏನಿಲ್ಲ. ಕೊಳೆತ ಎಲೆ, ಕಸ, ಬಿದ್ದು ಸತ್ತ ಹುಳ. ಅಷ್ಟರಲ್ಲಿ ಇಡೀ ಸಂಸಾರ ಸಾಗಬೇಕು.

ಬ್ರೆಜಿಲ್‌ನ ಮನೌಸ್ ನಗರದ ಸುತ್ತಲಿನ ಕಾಡಿನಲ್ಲಿ ಸಂಶೋಧಕರು ಮರ ಹತ್ತಿ ಪೊಟರೆಗಳಿಗೆ ಇಣುಕಿ ನೋಡಿದ್ದಾರೆ. ಗಂಡು ಕೂಗುತ್ತದೆ, ಹೆಣ್ಣು ಬಂದು ಮೊಟ್ಟೆಯಿಟ್ಟು ಹೋಗುತ್ತದೆ. ಮರಿಗಳು ಹೊರಬಂದ ಮೇಲೂ ಗಂಡು ಅದೇ ಪೊಟರೆಯಿಂದ ಮತ್ತೆ ಕೂಗುತ್ತದೆ. ಇನ್ನೊಂದು ಹೆಣ್ಣು ಬಂದು ಲೋಳೆಯ ಮುದ್ದೆಯಂಥ ಮೊಟ್ಟೆ ಇಡುತ್ತದೆ. ಹಸಿದ ಗೊದಮೊಟ್ಟೆಗಳಿಗೆ ಅದೇ ಊಟ.

ಇದನ್ನು ಅಪ್ಪನ ಅಕ್ಕರೆ ಎನ್ನಬಹುದೇನೋ. ನನಗೇಕೋ ಆ ಎರಡನೇ ಹೆಣ್ಣಿನ ಬಗ್ಗೆಯೇ ಪಾಪ ಅನಿಸುತ್ತದೆ. ಅವಳು ಮರ ಹತ್ತಿ ಬಂದದ್ದು ತನ್ನ ಮಕ್ಕಳಿಗೆ ಮನೆ ಸಿಕ್ಕಿತು ಅಂತ. ಆ ಪೊಟರೆಯಲ್ಲಿ ಮೊದಲೇ ಬಾಯಿಗಳು ಕಾದು ಕೂತಿದ್ದವು.