ಅಡಿಕೆ ರೇಟಿನೊಳಗಿನ ಸುದ್ದಿ

ಮಾರುಕಟ್ಟೆಗೆ ಸರ್ಕಾರ ಕೈ ಹಾಕಬಾರದು ಅಂದವರನ್ನೆಲ್ಲ ನಾವು ಸುಮ್ನೆ ವ್ಯಾಪಾರಿಗಳ ಏಜೆಂಟರು ಎಂದುಬಿಡುತ್ತೇವೆ. ಆದರೆ ಜನರ ಬದುಕಿನಲ್ಲಿ ಸರ್ಕಾರದ ಕೈ ಆದಷ್ಟು ಕಡಿಮೆಯಿರಲಿ ಅನ್ನುವ ಲಿಬರ್ಟೇರಿಯನ್ನರ ಅತಿ ಗಟ್ಟಿಯಾದ ವಾದಕ್ಕೂ ಲಾಭದಾಸೆಗೂ ಸಂಬಂಧವೇ ಇಲ್ಲ.

ಮಾರುಕಟ್ಟೆ ಬೆಲೆ ಇಲ್ಲದೆ ಸಮಾಜವಾದಿ ಸರ್ಕಾರಕ್ಕೆ ಯಾವ ಸರಕು ಎಷ್ಟು ಬೇಕೆಂಬ ಲೆಕ್ಕವೇ ಹಾಕಲಾಗದು ಎಂದು 1920ರಲ್ಲಿ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸೆಸ್ ಹೇಳಿದರು. ಸರಕು ಸಾಲದಿದ್ದರೆ ಅಧಿಕಾರಿಗಳೇ ಬೆಲೆ ಏರಿಸಲಿ, ಮಿಕ್ಕರೆ ಇಳಿಸಲಿ ಎಂಬುದು ಪೋಲೆಂಡಿನ ಸಮಾಜವಾದಿ ಅರ್ಥಶಾಸ್ತ್ರಜ್ಞ ಆಸ್ಕರ್ ಲಾಂಗೆ ಕೊಟ್ಟ ಉತ್ತರ. ಮೀಸೆಸ್ ಕಡೆಯವರೇ ಆದ ಫ್ರೆಡ್ರಿಕ್ ಹಯೆಕ್ 1945ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ಲೆಕ್ಕಕ್ಕೆ ಬೇಕಾದ ಮಾಹಿತಿ ಒಂದೇ ಮೇಜಿಗೆ ಬರುವುದಾದರೂ ಹೇಗೆ?

ಕಾಸರಗೋಡಿನ ಬದಿಯಡ್ಕದ ಕಡೆ ಜುಲೈಯಲ್ಲಿ ಮಳೆ ಬಿಡಲೇ ಇಲ್ಲ ಅಂದುಕೊಳ್ಳಿ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಬಿಸಿಲಿಲ್ಲ. ಕೊಳೆರೋಗ ಬಂದು ಎಳೆ ಅಡಿಕೆ ಉದುರುತ್ತದೆ. ಎಷ್ಟು ಹೋಯಿತು ಅನ್ನುವುದು ತೋಟದವರಿಗೆ ಮಾತ್ರ ಗೊತ್ತು. ಅವರೇನೂ ಯಾರಿಗೂ ವರದಿ ಬರೆಯುವುದಿಲ್ಲ. ಅಟ್ಟದಲ್ಲಿರುವ ಹಳೆ ಅಡಿಕೆಯನ್ನು ಮಾರದೆ ಇಟ್ಟುಕೊಳ್ಳುತ್ತಾರೆ, ಅಷ್ಟೇ. ಅಂಗಡಿಗೆ ಬರುವ ಗೋಣಿ ಕಡಿಮೆಯಾಗುತ್ತದೆ, ರೇಟು ಏರುತ್ತದೆ. ಗುಜರಾತಿನಲ್ಲಿ ಕೊಳ್ಳುವವರು ಡಬಲ್ ಚೋಲ್ ಎಂಬ ಹಳೆ ಅಡಿಕೆ ಬಿಟ್ಟು ಹೊಸ ಅಡಿಕೆ ಕೇಳುತ್ತಾರೆ. ಕೊಳೆರೋಗದ ಹೆಸರನ್ನೂ ಕೇಳದ ಅವರು ಕೊಳೆರೋಗಕ್ಕೆ ತಕ್ಕ ಹಾಗೆ ನಡೆದುಕೊಂಡರು, ಅಲ್ವಾ? ಹಯೆಕ್ ಬೆರಗಾದದ್ದು ಇದಕ್ಕೇ. ಅವರ ಉದಾಹರಣೆ ಅಡಿಕೆಯಲ್ಲ, ತವರ.

ಹಾಗಂತ ಲಿಬರ್ಟೇರಿಯನ್ನರೆಲ್ಲ ಸರ್ಕಾರವೇ ಬೇಡ ಅನ್ನುವವರಲ್ಲ. ಮುರ್ರೆ ರಾತ್‌ಬಾರ್ಡ್ ಹಾಗೆ ಅಂದರು, ನಿಜ. ರಾಬರ್ಟ್ ನೋಜಿಕ್ 1974ರಲ್ಲಿ ಪೊಲೀಸು, ಕೋರ್ಟು ಇರಲಿ ಎಂದರು. ಬಡವರಿಗೆ ಕನಿಷ್ಠ ಅನ್ನ, ಬಟ್ಟೆ, ಸೂರು ಸರ್ಕಾರ ಕೊಟ್ಟರೆ ಹಯೆಕ್‌ಗೆ ತಕರಾರಿರಲಿಲ್ಲ.

ನನ್ನ ತಕರಾರು ಬೇರೆ. ರೇಟು ಕುಸಿದರೆ ಅದು ತರುವ ಸುದ್ದಿ 'ಅಡಿಕೆ ಕಡಿಮೆ ಬೆಳೆಯಿರಿ' ಎಂದು. ಸುದ್ದಿ ಸರಿಯೇ. ಆದರೆ ಫಸಲಿಗೆ ಐದಾರು ವರ್ಷ ಹಿಡಿದ ಮರ ಅದನ್ನು ಕೇಳಿ ಏನು ಮಾಡೀತು? 1970ರ ದಶಕದ ಆರಂಭದ ಕುಸಿತದಲ್ಲಿ ಆದದ್ದೂ ಇದೇ. 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋ ಹುಟ್ಟಿದ್ದು ಆ ಸಂಕಟದಿಂದ. ಕೃಷಿಕರು ತಾವಾಗಿ ಸಂಘ ಕಟ್ಟುವುದಕ್ಕೆ ಲಿಬರ್ಟೇರಿಯನ್ನರ ಅಡ್ಡಿಯಿಲ್ಲ. ಅವರು ಮುಖ ಸಿಂಡರಿಸುವುದು ಆಮದಿಗೆ ಬೇಲಿ ಹಾಕಿದಾಗ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು, ಅಂದರೆ ಹೊರದೇಶದ ಅಡಿಕೆ ಅದಕ್ಕಿಂತ ಅಗ್ಗಕ್ಕೆ ಬರದಂತೆ ತಡೆಯುವ ಬೆಲೆಯನ್ನು, ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ತೆರಿಗೆ, ಲೈಸೆನ್ಸು ಅಂದರೆ ಸರ್ಕಾರವನ್ನು ಬೈಯುವ ನಮ್ಮೂರಿನ ತೋಟದವರು ಇದಕ್ಕೆ ಬೈದದ್ದನ್ನು ನಾನಂತೂ ಕೇಳಿಲ್ಲ.